ಡಬ್ಬಿಯಲ್ಲೇ ಇದ್ದ ರೋಗ: ಒಂದು ಜಿನಿಯಾ ಪಾತಿಯ ಪ್ರಕರಣ

ಈ ಪ್ರಕರಣದಲ್ಲಿ ತಪ್ಪಿದವರು ಇಬ್ಬರು. ಒಬ್ಬರು ತೋಟದ ಒಡತಿ, ಇನ್ನೊಬ್ಬ ಅವರಿಗೆ ಸಲಹೆ ಕೊಟ್ಟ ನಾನು. ಅವರ ಹೆಸರು, ಊರು ಇಲ್ಲಿ ಬೇಡ. ಬಿತ್ತಿದ ದಿನ, ಮೊಳೆತ ದಿನ, ಹಾಕಿದ ನೀರು, ಮೊದಲ ಮೊಗ್ಗು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುವುದು ಅವರ ಅಭ್ಯಾಸ. ಅದಕ್ಕೇ ಲೆಕ್ಕದಮ್ಮ ಎಂದು ಕರೆಯುತ್ತೇನೆ. ಆ ಹೆಸರಿಗೆ ಅವರ ಒಪ್ಪಿಗೆಯೂ ಇದೆ. ಆ ಪುಸ್ತಕ ಇಲ್ಲದಿದ್ದರೆ ಏನಾಯಿತೆಂದು ನಮ್ಮಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಮೊದಲ ವರ್ಷ

ಪಾತಿ 3 ಮೀಟರ್ ಉದ್ದ, 1.2 ಮೀಟರ್ ಅಗಲ. ಒಂದು ಮಗ್ಗುಲಿಗೆ ಗೋಡೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಸುಮಾರು 6 ಗಂಟೆ ನೇರ ಬಿಸಿಲು. ಒಂದು ಪೊಟ್ಟಣ ಜಿನಿಯಾ ಹೂವಿನ ಬೀಜ ತಂದು, ಅರ್ಧ ಸೆಂಟಿಮೀಟರ್ ಆಳಕ್ಕೆ, ನೇರವಾಗಿ ಪಾತಿಗೇ ಬಿತ್ತಿದ್ದರು. ಜಿನಿಯಾ ಬೇರು ಅಲುಗಾಡಿಸಿದರೆ ಮುನಿಸಿಕೊಳ್ಳುವ ಗಿಡ, ಹಾಗಾಗಿ ಅದು ಒಳ್ಳೆಯದೇ ಆಯಿತು. ಐದನೇ ದಿನ ಮೊಳಕೆ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಬಿಟ್ಟು ಉಳಿಸಿಕೊಂಡದ್ದು 36 ಗಿಡ. ಒಂದಡಿ ಎತ್ತರವಾಗುವ ಹೊತ್ತಿಗೆ ಕುಡಿ ಚಿವುಟಿದರು, ಕವಲೊಡೆದವು. 64ನೇ ದಿನ ಮೊದಲ ಹೂ ಅರಳಿತು. ಕೆಂಪು, ಹಳದಿ, ಗುಲಾಬಿ, ಬಿಳಿ. ಮೆಕ್ಸಿಕೋ ಮೂಲದ ಈ ಹೂವಿಗೆ ಬಿಸಿಲು ಮತ್ತು ನೀರು ನಿಲ್ಲದ ಮಣ್ಣು ಸಿಕ್ಕರೆ ಹೆಚ್ಚಿನ ಉಪಚಾರ ಬೇಕಿಲ್ಲ. ಕತ್ತರಿಸಿದಷ್ಟೂ ಹೂ ಕೊಡುತ್ತದೆ.

ಆ 36ರಲ್ಲಿ ಒಂದು ಗಿಡದ ಬಣ್ಣ ಬೇರೆಯೇ. ಎಳೆ ಹವಳದ ಬಣ್ಣ, ಎಸಳಿನ ಮೇಲೆ ಎಸಳು ಒತ್ತಾಗಿ ಕೂತು ಹೂವು ಗುಮ್ಮಟದ ಹಾಗೆ. ಲೆಕ್ಕದಮ್ಮ ಅದಕ್ಕೆ ‘ಹವಳ’ ಎಂದೇ ಹೆಸರಿಟ್ಟರು. ಋತು ಮುಗಿಯುತ್ತ ಬಂದಾಗ ಅದರ ಹೂಗಳನ್ನೂ ಇನ್ನಷ್ಟು ಗಿಡಗಳ ಹೂಗಳನ್ನೂ ಕೊಯ್ದು, ಒಣಗಿಸಿ, ಬೀಜ ಬಿಡಿಸಿ, ಹವಳದ್ದನ್ನು ಬೇರೆ ಕವರಿನಲ್ಲಿಟ್ಟು ಗಾಜಿನ ಡಬ್ಬಿಗೆ ತುಂಬಿದರು. ಜಿನಿಯಾ ಬೀಜ ಬಿಡಿಸಿದವರಿಗೆ ಗೊತ್ತು. ಒಣಗಿದ ಎಸಳನ್ನು ಹಿಡಿದು ಎಳೆದರೆ ಅದರ ಬುಡಕ್ಕೆ ಅಂಟಿಕೊಂಡೇ ಬಾಣದ ಮೊನೆಯಂಥ ಚಪ್ಪಟೆ ಬೀಜ ಬರುತ್ತದೆ. ಒಮ್ಮೆ ಕೂತರೆ ಏಳಲು ಮನಸ್ಸಾಗದ ಕೆಲಸ.

ಆ ದಿನಗಳ ಪುಟದಲ್ಲಿ ಎರಡು ಸಾಲುಗಳಿದ್ದವು. ಆಗ ಅವರೂ ಲಕ್ಷ್ಯ ಕೊಡಲಿಲ್ಲ, ನಾನು ನೋಡಿರಲೇ ಇಲ್ಲ: “ಕೆಳಗಿನ ಎಲೆಗಳಲ್ಲಿ ಕೆಂಪು ಚುಕ್ಕೆ. ಗಿಡಕ್ಕೆ ವಯಸ್ಸಾಯಿತು.” ನಾಲ್ಕು ದಿನದ ನಂತರ: “ಮಳೆಗೆ ಸಿಕ್ಕ ಹೂಗಳ ಎಸಳು ಕಂದಾಗಿವೆ. ಇನ್ನು ತಡ ಮಾಡಬಾರದು, ಬೀಜಕ್ಕೆ ಎಲ್ಲ ಕೊಯ್ದೆ.”

ಎರಡನೇ ವರ್ಷ, ನನ್ನ ಪ್ರವೇಶ

ಡಬ್ಬಿ ತುಂಬ ಬೀಜ ಇದ್ದಾಗ ಕೈ ಧಾರಾಳವಾಗುತ್ತದೆ. ಅದೇ ಪಾತಿಯಲ್ಲಿ ಈ ಬಾರಿ 90 ಗಿಡ. ಎರಡು ಗಿಡದ ನಡುವೆ ಒಂದು ಗೇಣೂ ಇಲ್ಲ. ಸಸಿಯಾಗಿದ್ದಾಗಲೇ ಹತ್ತು ಹನ್ನೆರಡು ಬುಡದಲ್ಲಿ ಕಪ್ಪಾಗಿ ಒರಗಿದವು. “ಇರುವೆ ಕಡಿದಿರಬೇಕು” ಎಂದು ಪುಸ್ತಕ ಹೇಳುತ್ತದೆ. ಬೇಕಾದಷ್ಟು ಬೀಜ ಇತ್ತಲ್ಲ, ಖಾಲಿ ಜಾಗಕ್ಕೆ ಮತ್ತೆ ಬಿತ್ತಿದರು.

40ನೇ ದಿನದ ಹೊತ್ತಿಗೆ ನನಗೊಂದು ಫೋಟೊ ಬಂತು. “ಇದೇನಪ್ಪಾ ನೋಡು, ಎಲೆ ಕೆಡ್ತಾ ಇದೆ.” ಗೋಡೆ ಪಕ್ಕದ ಗಿಡದ ಎಲೆ. ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ. ನಡುವೆ ಒಂದೆರಡು ಕಂದು ಮಚ್ಚೆ ಕೂಡ ಇದ್ದವು, ಫೋಟೊ ಇವತ್ತಿಗೂ ನನ್ನ ಹತ್ತಿರ ಇದೆ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬಿಳಿ ಮಾತ್ರ. ಜಿನಿಯಾ, ಒತ್ತಾದ ಪಾತಿ, ಬಿಳಿ ಹಿಟ್ಟು ಎಂದರೆ ಬೂದಿ ರೋಗ, ಎಲೆಯ ಮೇಲೆ ಬೆಳೆಯುವ ಶಿಲೀಂಧ್ರದ ಕಾಟ. ಅರ್ಧ ನಿಮಿಷದಲ್ಲಿ ಉತ್ತರ ಬರೆದೆ: “ಬೂದಿ ರೋಗ ಅಮ್ಮ. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ, ಎರಡು ಹನಿ ಸಾಬೂನು ನೀರು. ಎಲೆಯ ಮೇಲೂ ಕೆಳಗೂ ಚೆನ್ನಾಗಿ ನೆನೆಯುವ ಹಾಗೆ ಸಿಂಪಡಿಸಿ.”

ಅವರು ಮಾಡುವುದನ್ನು ಅರೆಬರೆ ಮಾಡುವವರಲ್ಲ. ಮೂರು ದಿನಕ್ಕೊಮ್ಮೆ ಸಂಜೆ, ಪಾತಿಯ ಈ ತುದಿಯಿಂದ ಆ ತುದಿಯವರೆಗೆ, 90 ಗಿಡವೂ ತೊಟ್ಟಿಕ್ಕುವಷ್ಟು ಸಿಂಪಡಿಸಿದರು.

ನಾಲ್ಕನೇ ದಿನ ಇನ್ನೊಂದು ಫೋಟೊ. ಅದೇ ಗಿಡ, ಬಿಳಿ ಅರ್ಧಕ್ಕರ್ಧ ಹೋಗಿದೆ. ಇಬ್ಬರಿಗೂ ಖುಷಿ. ಈ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಹಾಳು ಮಾಡಿದ್ದು ಈ ಖುಷಿಯೇ. ಗೋಡೆ ಪಕ್ಕದ ಎರಡು ಗಿಡಕ್ಕೆ ನಿಜವಾಗಿಯೂ ಬೂದಿ ರೋಗ ಇತ್ತು, ಸೋಡಾ ಅದರ ಮೇಲೆ ಒಂದಿಷ್ಟು ಕೆಲಸ ಮಾಡುತ್ತದೆ, ಮಾಡಿತು. ಮದ್ದು ಸರಿಯಿದ್ದ ಮೇಲೆ ರೋಗದ ಹೆಸರೂ ಸರಿ ಎಂದು ನಾವು ಲೆಕ್ಕ ಹಾಕಿದೆವು. ಉಳಿದ 88 ಗಿಡಗಳನ್ನು ಕೇಳಲಿಲ್ಲ.

ಮುಂದಿನ ಎರಡು ವಾರದಲ್ಲಿ ಮಚ್ಚೆ ಕೆಳಗಿನಿಂದ ಮೇಲಕ್ಕೆ ಹತ್ತಿತು. ಲೆಕ್ಕದಮ್ಮ ಸಿಂಪಡಣೆಯನ್ನು ಎರಡು ದಿನಕ್ಕೊಮ್ಮೆ ಮಾಡಿದರು. ಒಂದು ಬಾರಿ ಬೇವಿನ ಎಣ್ಣೆ ಸೇರಿಸಿದರು. ಗಿಡಕ್ಕೆ ಶಕ್ತಿ ಸಾಲದೇನೋ ಎಂಬ ಅನುಮಾನದಿಂದ ಸಾರಜನಕ ಜಾಸ್ತಿಯಿರುವ ಗೊಬ್ಬರವನ್ನೂ ಕೊಟ್ಟರು. ಎಲೆ ದೊಡ್ಡದಾಗಿ, ಮೆತ್ತಗಾಗಿ, ಒಂದರ ಮೇಲೊಂದು ಬಿದ್ದು ಪಾತಿಯೊಳಗೆ ಗಾಳಿಯೇ ಆಡದಂತಾಯಿತು. ಮೊಗ್ಗು ಹಿಂದೆ ಬಿತ್ತು. 62ನೇ ದಿನದ ಪುಟದಲ್ಲಿ ಒಂದೇ ಸಾಲು: “ಅರ್ಧ ಪಾತಿ ಸುಟ್ಟ ಹಾಗೆ ಕಾಣುತ್ತದೆ.”

ಎಲೆಯನ್ನು ಒರೆಸಿ ನೋಡಿದಾಗ

ಮೊದಲ ಫೋಟೊ ಬಂದಾಗಲೇ ಹೋಗಿದ್ದರೆ 20ಕ್ಕೂ ಹೆಚ್ಚು ದಿನ ಉಳಿಯುತ್ತಿತ್ತು. ನಾನು ಹೋದದ್ದು 64ನೇ ದಿನ.

ಕೆಳಗಿನ ಒಂದು ಎಲೆ ಕಿತ್ತು ಹೆಬ್ಬೆರಳಿನಿಂದ ಒರೆಸಿದೆ. ಬೂದಿ ರೋಗದ ಬಿಳಿ ಎಲೆಯ ಮೇಲೆ ಕೂತಿರುತ್ತದೆ, ಒರೆಸಿದರೆ ಬೆರಳಿಗೆ ಬರುತ್ತದೆ. ಇಲ್ಲಿ ಏನೂ ಬರಲಿಲ್ಲ. ಭೂತಗನ್ನಡಿ ಹಿಡಿದೆ. ಮಚ್ಚೆ ಎಲೆಯ ಒಳಗೇ ಇತ್ತು. ಸುತ್ತ ಕೆಂಪು ನೇರಳೆ ಅಂಚು, ಅದರೊಳಗೆ ಕಂದು, ನಟ್ಟನಡುವೆ ಕಾಗದದಂತೆ ಒಣಗಿದ ಬೂದು ಬಣ್ಣದ ಬಿಂದು. ಕೆಲವು ಕಡೆ ಆ ಬಿಂದು ಉದುರಿ ತೂತು ಬಿದ್ದಿತ್ತು. ಫೋಟೊದಲ್ಲಿ ನಾನು ಬಿಳಿ ಎಂದುಕೊಂಡದ್ದರಲ್ಲಿ ಅರ್ಧ ಪಾಲು ಈ ಬೂದು ಬಿಂದುಗಳೇ.

ಒಂದು ಮಾತು ನೆನಪಾಯಿತು. ಈ ಹೂವಿಗೆ ಹೆಸರು ಬಂದದ್ದು ಯೋಹಾನ್ ಗಾಟ್‌ಫ್ರೀಡ್ ಜಿನ್ ಎಂಬ ಜರ್ಮನ್ ವೈದ್ಯನಿಂದ. 1755ರಲ್ಲಿ ಮನುಷ್ಯನ ಕಣ್ಣಿನ ರಚನೆಯನ್ನು ಬಿಡಿಸಿ ಬರೆದವನು, 1759ರಲ್ಲಿ 31ರ ವಯಸ್ಸಿಗೇ ತೀರಿಕೊಂಡವನು. ಕಣ್ಣಿನ ಮಸೂರವನ್ನು ಹಿಡಿದು ನಿಲ್ಲಿಸುವ ಎಳೆಗಳಿಗೂ ಅವನದೇ ಹೆಸರು. ಕಣ್ಣನ್ನು ಅಷ್ಟು ಕೂಲಂಕಷವಾಗಿ ನೋಡಿದವನ ಹೆಸರಿನ ಹೂವನ್ನು ನಾನು ಸರಿಯಾಗಿ ಕಣ್ಣು ಬಿಟ್ಟು ನೋಡಿರಲಿಲ್ಲ.

ಇದು ಎಲೆಚುಕ್ಕೆ ರೋಗ. ಜಿನಿಯಾದಲ್ಲಿ ಇದನ್ನು ತರುವವು ಮುಖ್ಯವಾಗಿ ಎರಡು: ಆಲ್ಟರ್ನೇರಿಯಾ ಎಂಬ ಶಿಲೀಂಧ್ರ, ಕ್ಸಾಂತೋಮೊನಾಸ್ ಎಂಬ ದುಂಡಾಣು, ಅಂದರೆ ಬ್ಯಾಕ್ಟೀರಿಯಾ. ದುಂಡಾಣುವಿನದಾದರೆ ಮಚ್ಚೆ ಎಲೆಯ ನರಗಳ ನಡುವೆ ಮೂಲೆ ಮೂಲೆಯಾಗಿ ಇರುತ್ತದೆ, ಸುತ್ತ ಹಳದಿ ಬಳೆ ಇರುತ್ತದೆ. ಇಲ್ಲಿದ್ದದ್ದು ದುಂಡನೆಯ ಮಚ್ಚೆ, ಹಳದಿ ಇಲ್ಲ. ಹಾಗಾಗಿ ಆಲ್ಟರ್ನೇರಿಯಾ ಎಂದು ಇಟ್ಟುಕೊಂಡೆವು. ಪ್ರಯೋಗಾಲಯಕ್ಕೆ ಕಳಿಸಲಿಲ್ಲ. ಕಳಿಸದೆಯೂ ನಡೆಯಿತು, ಏಕೆಂದರೆ ಎರಡೂ ಬರುವ ದಾರಿ ಒಂದೇ, ಹರಡುವ ದಾರಿಯೂ ಒಂದೇ.

ಆ ಹರಡುವ ದಾರಿಯಲ್ಲೇ ನಮ್ಮ ಎಡವಟ್ಟು ಇದ್ದದ್ದು. ಬೂದಿ ರೋಗದ ಬೀಜಕಣಕ್ಕೆ ಮೊಳೆಯಲು ಎಲೆಯ ಮೇಲೆ ನೀರು ಬೇಡ. ಗಾಳಿಯಲ್ಲಿ ತೇವ, ಒಂದಿಷ್ಟು ನೆರಳು, ಇಕ್ಕಟ್ಟು ಸಾಕು. ನೀರು ನಿಂತರೆ ಅದಕ್ಕೆ ತೊಂದರೆಯೇ. ಎಲೆಚುಕ್ಕೆಗೆ ತದ್ವಿರುದ್ಧ. ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು, ಹನಿ ಸಿಡಿದು ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಸಂಜೆ ಸಿಂಪಡಿಸಿದ ನೀರು ಬೆಳಗಿನವರೆಗೂ ಆರುವುದಿಲ್ಲ. ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ಸವಾರಿಯಾಯಿತು.

ಪುಸ್ತಕ ತೆಗೆಸಿದೆ. 35ನೇ ದಿನ: “ಕುಡಿ ಚಿವುಟಿದೆ. ಗೇಟಿನ ಕಡೆಯ ಎರಡು ಸಾಲು ಮುಗಿಯಿತು, ಇಬ್ಬನಿಗೆ ಸೀರೆ ಒದ್ದೆ.” ಪಾತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಟ್ಟಿದ್ದದ್ದು ಅವೇ ಎರಡು ಸಾಲು. ಒದ್ದೆ ಗಿಡ ಮುಟ್ಟುತ್ತ ಹೋದ ಬೆರಳೇ ರೋಗವನ್ನು ದಾಟಿಸಿರಬೇಕು. ಲೆಕ್ಕದಮ್ಮ ಆ ಸಾಲನ್ನು ಎರಡು ಸಲ ಓದಿ ಪುಸ್ತಕ ಮುಚ್ಚಿದರು. “ಬರೆದಿದ್ದೇನೆ, ಓದಿಲ್ಲ” ಎಂದಷ್ಟೇ ಹೇಳಿದರು.

ಅಂದು ಮಾಡಿದ್ದು

ಮೊದಲ ನಿರ್ಧಾರವೇ ಕಷ್ಟದ್ದು, 90ರಲ್ಲಿ 50 ಗಿಡ ಕೀಳುವುದು. ಮೊಗ್ಗು ಬಿಟ್ಟ ಗಿಡ ಕೀಳಲು ಯಾರಿಗೂ ಕೈ ಬರುವುದಿಲ್ಲ. ಅವರು ಒಳಗೆ ಹೋಗಿಬಿಟ್ಟರು, ಕಿತ್ತದ್ದು ನಾನು. ಉಳಿದ 40ರಲ್ಲಿ ಕೆಳಗಿನ ಎಲೆಗಳನ್ನು, ಎಲೆ ಒಣಗಿದ್ದ ಮಧ್ಯಾಹ್ನದ ಹೊತ್ತಲ್ಲಿ, ಕತ್ತರಿಸಿದೆವು. ಕತ್ತರಿಯನ್ನು ಗಿಡ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಿದೆವು. ಕಿತ್ತದ್ದು, ಕತ್ತರಿಸಿದ್ದು ಎಲ್ಲವನ್ನೂ ಚೀಲಕ್ಕೆ ಕಟ್ಟಿ ಹೊರಗೆ ಕಳಿಸಿದೆವು, ಕಾಂಪೋಸ್ಟ್ ಗುಂಡಿಗೆ ಹಾಕಲಿಲ್ಲ. ಬುಡಕ್ಕೆ ಒಣಹುಲ್ಲಿನ ಹೊದಿಕೆ, ಮಣ್ಣಿನಿಂದ ಹನಿ ಸಿಡಿಯಬಾರದೆಂದು. ನೀರು ಬೆಳಗ್ಗೆ ಮಾತ್ರ, ಬುಡಕ್ಕೆ ಮಾತ್ರ. ಸಿಂಪಡಣೆ ಬಂದ್.

ಇಲ್ಲಿ ಒಂದು ಪಕ್ಕದ ಕಥೆ. 2015ರ ಕೊನೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಜಿನಿಯಾ ಬೆಳೆಸುತ್ತಿದ್ದಾಗ ಎಲೆಗಳ ಮೇಲೆ ನೀರು ಕೂತು, ತೇವ ಹೆಚ್ಚಾಗಿ, ಬೂಷ್ಟು ಹಿಡಿಯಿತು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಕೆಟ್ಟ ಭಾಗ ಕತ್ತರಿಸಿ, ಫ್ಯಾನಿನ ವೇಗ ಹೆಚ್ಚಿಸಿದರು. ಆಮೇಲೆ ಗಿಡ ಒಣಗತೊಡಗಿದಾಗ, ಭೂಮಿಯಿಂದ ಬರುವ ವೇಳಾಪಟ್ಟಿಯಂತೆ ನೀರು ಹಾಕುವುದು ಬಿಟ್ಟು, ಗಿಡ ನೋಡಿ ತಾವೇ ತೀರ್ಮಾನಿಸುವುದಾಗಿ ಕೇಳಿಕೊಂಡರು. 2016ರ ಜನವರಿಯಲ್ಲಿ ಹೂ ಅರಳಿತು. ಎಲ್ಲ ಗಿಡ ಉಳಿಯಲಿಲ್ಲ, ಕೆಲವು ಉಳಿದವು. ಇದನ್ನು ಹೇಳಿದಾಗ ಲೆಕ್ಕದಮ್ಮನವರು “ಭೂಮಿಯಲ್ಲಿ ಕೂತವರು ಫೋಟೊ ನೋಡಿ ಹೇಳಿದ್ದರಾ?” ಎಂದು ಕೇಳಿದರು. ನನಗೆ ಬೇಕಿತ್ತು.

ಎರಡು ವಾರ ಮಳೆ ಇರಲಿಲ್ಲ. ಇದ್ದ ಮಚ್ಚೆ ಮಾಯಲಿಲ್ಲ, ಮಾಯುವುದೂ ಇಲ್ಲ. ಆದರೆ ಹೊಸ ಎಲೆಗಳು ಚೊಕ್ಕವಾಗಿ ಬಂದವು, ಹೂ ಅರಳಿತು. ಮತ್ತೆ ಮೂರು ದಿನ ಬಿಡದೆ ಮಳೆ ಹೊಡೆಯಿತು, ಒಂದು ವಾರದಲ್ಲಿ ಚುಕ್ಕೆ ವಾಪಸ್. ಹೋದಂತೆ ಹೋಗಿ ಮತ್ತೆ ಬಂದಾಗಲೇ, ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ ನಮಗೆ ಎದುರಾದದ್ದು. ಅಲ್ಲಿಯವರೆಗೆ ಇದು ಏನು, ಇದಕ್ಕೆ ಏನು ಹಾಕಬೇಕು ಎಂಬುದನ್ನಷ್ಟೇ ಕೇಳುತ್ತಿದ್ದೆವು.

ಎರಡು ತಟ್ಟೆಯ ಪರೀಕ್ಷೆ

ಅನುಮಾನಕ್ಕೆ ಮೂರು ಜನ: ಮಣ್ಣು, ನೀರು, ಬೀಜ. ಮೊದಲ ವರ್ಷದ ಆ ಎರಡು ಸಾಲು ಓದಿದ ಮೇಲೆ ನನ್ನ ಬೆರಳು ಬೀಜದ ಕಡೆಗಿತ್ತು. ಅವರದು ಮಣ್ಣಿನ ಕಡೆಗೆ. ಬೀಜದ ಮೇಲೆ ಅನುಮಾನ ಪಡುವುದೆಂದರೆ ಹವಳದ ಮೇಲೆ ಅನುಮಾನ ಪಟ್ಟಂತೆ.

ಜಗಳ ಬೇಡ ಎಂದು ಎರಡು ತಟ್ಟೆ ಇಟ್ಟೆವು. ಎರಡಕ್ಕೂ ಹೊಸ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ, ಒಂದೇ ಬಿಸಿಲು, ಒಂದೇ ನೀರು, ನಡುವೆ ಎರಡು ಮೀಟರ್ ಅಂತರ. ಒಂದರಲ್ಲಿ ಡಬ್ಬಿಯ 40 ಬೀಜ, ಇನ್ನೊಂದರಲ್ಲಿ ಹೊಸ ಪೊಟ್ಟಣದ 40. ಡಬ್ಬಿಯದು 31 ಮೊಳೆತವು, ಪೊಟ್ಟಣದ್ದು 36. 16ನೇ ದಿನಕ್ಕೆ ಡಬ್ಬಿಯ ತಟ್ಟೆಯಲ್ಲಿ 9 ಸಸಿಗಳ ಬೀಜದಳದ ಮೇಲೆ ಕಂದು ಚುಕ್ಕೆ, ಅದರಲ್ಲಿ ನಾಲ್ಕರ ಬುಡ ಕಪ್ಪಾಗಿ ಒರಗಿದ್ದವು. ಪೊಟ್ಟಣದ ತಟ್ಟೆಯಲ್ಲಿ ಒಂದೂ ಇಲ್ಲ.

“ಇರುವೆ ಅಲ್ಲ” ಎಂದರು ಲೆಕ್ಕದಮ್ಮ, ಆ ಒರಗಿದ ಸಸಿಗಳನ್ನು ನೋಡುತ್ತ.

ಆಲ್ಟರ್ನೇರಿಯಾ ಬೀಜದ ಜೊತೆಗೇ ಬರುತ್ತದೆ. ಮಳೆಗೆ ನೆನೆದು ಎಸಳು ಕಂದಾದ ಹೂಗಳಿಂದ ಬೀಜ ತೆಗೆದರೆ ರೋಗವನ್ನೂ ತೆಗೆದು ಡಬ್ಬಿಯಲ್ಲಿ ಜೋಪಾನ ಮಾಡಿದಂತೆ. ನೆಲದಲ್ಲಿ ಬಿದ್ದ ಹಳೆ ಎಲೆ, ಕಡ್ಡಿಗಳಲ್ಲೂ ಅದು ಉಳಿಯುತ್ತದೆ. ಹಾಗಾಗಿ ಮಣ್ಣಿನ ಮೇಲಿನ ಅವರ ಅನುಮಾನ ಪೂರ್ತಿ ಸುಳ್ಳೇನಲ್ಲ, ಅದು ಎರಡನೇ ಆರೋಪಿ.

ಡಬ್ಬಿ ಚೆಲ್ಲಬೇಕೇ?

ನನ್ನ ಸಲಹೆ ಸೀದಾ ಇತ್ತು: ಚೆಲ್ಲಿ, ಹೊಸ ಬೀಜ ತನ್ನಿ. ಹತ್ತರಲ್ಲಿ ಒಂಬತ್ತು ತೋಟಗಳಿಗೆ ಈಗಲೂ ಇದನ್ನೇ ಹೇಳುತ್ತೇನೆ. ಹವಳದ ಬೀಜದಿಂದ ಹವಳವೇ ಹುಟ್ಟುತ್ತದೆಂಬ ಖಾತ್ರಿ ಕೂಡ ಇಲ್ಲ. ಜೇನು, ಚಿಟ್ಟೆಗಳು ಪಕ್ಕದ ಗಿಡದ ಪರಾಗ ತಂದು ಬೆರೆಸುತ್ತವೆ, ತಾಯಿಗಿಡ ಹೈಬ್ರಿಡ್ ಆಗಿದ್ದರೆ ಮಕ್ಕಳು ಹತ್ತು ಬಣ್ಣಕ್ಕೆ ಒಡೆಯುತ್ತವೆ. ಎರಡನೇ ವರ್ಷದ ಪಾತಿಯಲ್ಲಿ ಆ ಬಣ್ಣಕ್ಕೆ ಹತ್ತಿರ ಬಂದದ್ದು ಮೂರೇ ಗಿಡ.

ಅವರು ಒಪ್ಪಲಿಲ್ಲ. ಆಗ ಬಿಸಿನೀರಿನ ಬೀಜೋಪಚಾರದ ಮಾತು ಬಂತು. ಸುಮಾರು 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 30 ನಿಮಿಷ. ಶಿಲೀಂಧ್ರ ಸಾಯಬೇಕು, ಬೀಜ ಸಾಯಬಾರದು. ಈ ಎರಡರ ನಡುವಿನ ಜಾಗ ತೀರಾ ಕಿರಿದು. ಎರಡು ಮೂರು ಡಿಗ್ರಿ ಹೆಚ್ಚಾದರೆ ಮೊಳಕೆ ಹೋಗುತ್ತದೆ, ಕಡಿಮೆಯಾದರೆ ರೋಗ ಉಳಿಯುತ್ತದೆ. ನಾವು ಫ್ಲಾಸ್ಕ್ ಬಳಸಿದೆವು. ಮೊದಲು ಬಿಸಿನೀರು ಹಾಕಿ ಫ್ಲಾಸ್ಕನ್ನೇ ಕಾಯಿಸಿ, ಚೆಲ್ಲಿ, ಅಳೆದ ನೀರು ತುಂಬಿ, ತೆಳು ಬಟ್ಟೆಯಲ್ಲಿ ಕಟ್ಟಿದ ಬೀಜವನ್ನು ಇಳಿಬಿಟ್ಟೆವು. ಜಿನಿಯಾ ಬೀಜ ಹಗುರ, ತೇಲುತ್ತದೆ, ಗಂಟಿನೊಳಗೆ ಒಂದು ಸಣ್ಣ ಕಲ್ಲು ಹಾಕಬೇಕಾಯಿತು. ಥರ್ಮಾಮೀಟರ್ ಹಿಡಿದು ಅವರೇ ಕೂತರು. 5 ನಿಮಿಷಕ್ಕೊಮ್ಮೆ ಓದಿ ಬರೆದರು. ಇಳಿದಾಗ ಚಮಚದಲ್ಲಿ ಬಿಸಿನೀರು ಸೇರಿಸಿದರು. ಅರ್ಧ ಗಂಟೆಯ ನಂತರ ತಣ್ಣೀರಿಗೆ ಅದ್ದಿ, ಕಾಗದದ ಮೇಲೆ ಹರಡಿ ನೆರಳಲ್ಲಿ ಒಣಗಿಸಿದರು.

ಡಬ್ಬಿಯನ್ನೆಲ್ಲ ಒಮ್ಮೆಗೇ ಮಾಡಲು ನಾನು ಬಿಡಲಿಲ್ಲ. ಮೊದಲು 40 ಬೀಜ ಮಾತ್ರ. ಮೊಳೆತದ್ದು 19. ಚುಕ್ಕೆ ಬಂದದ್ದು ಒಂದರಲ್ಲಿ. ಅರ್ಧಕ್ಕೂ ಹೆಚ್ಚು ಬೀಜ ಕಳೆದುಕೊಂಡೆವು ಎನ್ನಬಹುದು, 9 ಇದ್ದದ್ದು ಒಂದಕ್ಕೆ ಇಳಿಯಿತು ಎಂದೂ ಹೇಳಬಹುದು. ಆ ಒಂದನ್ನು ಕಿತ್ತರು. ಹವಳದ ಕವರಿನಲ್ಲಿದ್ದ ಬೀಜವನ್ನಷ್ಟೇ ಉಪಚರಿಸಿ, ಉಳಿದದ್ದನ್ನು ಅವರೇ ಚೆಲ್ಲಿದರು.

ಮೂರನೇ ವರ್ಷ

ಹಳೆ ಪಾತಿಗೆ ಹುರುಳಿಕಾಯಿ ಹಾಕಿದರು. ಜಿನಿಯಾಕ್ಕೆ ಗೋಡೆಯಿಂದ ದೂರ, ಗಾಳಿ ಆಡುವ ಕಡೆ ಹೊಸ ಪಾತಿ. ಮತ್ತೆ 30 ಸೆಂಟಿಮೀಟರ್ ಅಂತರ. ಪೊಟ್ಟಣದ ಬೀಜದ 20 ಗಿಡ ಒಂದು ಕಡೆ, ಉಪಚರಿಸಿದ ಹವಳದ 14 ಗಿಡ ಇನ್ನೊಂದು ಕಡೆ, ನಡುವೆ ನಡೆಯುವ ದಾರಿ. ಇಬ್ಬನಿ ಆರುವವರೆಗೆ ಪಾತಿಗೆ ಕೈ ಹಾಕುವಂತಿಲ್ಲ ಎಂಬ ನಿಯಮವನ್ನು ಪುಸ್ತಕದ ಮೊದಲ ಪುಟಕ್ಕೇ ಬರೆದುಕೊಂಡರು. ಗೋಡೆಯಿಂದ ದೂರ ಬಂದದ್ದಕ್ಕೋ ಏನೋ, ಬೂದಿ ರೋಗ ಕೊನೆಯ ಹದಿನೈದು ದಿನ ಬಿಟ್ಟರೆ ತಲೆ ಹಾಕಲಿಲ್ಲ. ಅದರ ಕಾಟ ತಾಳದವರಿಗೆ ಅಗಲ ಎಲೆಯ ಎತ್ತರದ ಜಿನಿಯಾಕ್ಕಿಂತ, ಸಣ್ಣ ಎಲೆಯ ಗಿಡ್ಡ ಜಾತಿಯ ಅಂಗುಸ್ಟಿಫೋಲಿಯಾ ಮತ್ತು ಅದರ ಮಿಶ್ರತಳಿಗಳು ವಾಸಿ. ಬೂದಿ ರೋಗಕ್ಕೆ ಅವು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ. ಲೆಕ್ಕದಮ್ಮನವರಿಗೆ ಅವು ಬೇಡ. ಹೂದಾನಿಗೆ ಉದ್ದ ಕಾಂಡ ಬೇಕು.

ನಾನು ಬದಲಾಯಿಸಿಕೊಂಡದ್ದು ಎರಡು. ಯಾರಾದರೂ ಫೋಟೊ ಕಳಿಸಿದರೆ ಮೊದಲು ಮೂರು ಕೇಳುತ್ತೇನೆ: ಒರೆಸಿದರೆ ಹೋಗುತ್ತದಾ, ಬೀಜ ಎಲ್ಲಿಂದ ಬಂತು, ನೀರು ಮೇಲಿಂದ ಹಾಕುತ್ತೀರಾ ಬುಡಕ್ಕಾ. ಮತ್ತೆ, ಮದ್ದು ಹಿಡಿದ ಗಿಡದ ಫೋಟೊ ಬಂದರೆ ಹಿಡಿಯದ ಗಿಡದ್ದೂ ಕಳಿಸಿ ಎನ್ನುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ಹವಳದ 14 ಗಿಡದಲ್ಲಿ ಗುಲಾಬಿ 6, ಕಿತ್ತಳೆ 4, ಒಂದು ಬಣ್ಣಗೆಟ್ಟ ಹಳದಿ. ಉಳಿದ ಮೂರರಲ್ಲಿ ಎರಡು ಹವಳಕ್ಕೆ ಹತ್ತಿರ, ಎಸಳು ಮಾತ್ರ ಒತ್ತಿಲ್ಲ. ಒಂದು ಅಚ್ಚು ಅದೇ. ಒಣ ಹವೆ ಇದ್ದ ವಾರ ನೋಡಿ ಆ ಮೂರರ ಮೊಗ್ಗಿಗೆ ತೆಳು ಬಟ್ಟೆ ಕಟ್ಟಿ, ಅರಳಿದ ಮೇಲೆ ಒಂದರ ಪರಾಗವನ್ನು ಇನ್ನೊಂದಕ್ಕೆ ಕುಂಚದಿಂದ ಮುಟ್ಟಿಸಿದರು, ಏಕೆಂದರೆ ಜಿನಿಯಾ ತನ್ನದೇ ಪರಾಗವನ್ನು ಅಷ್ಟಾಗಿ ಒಪ್ಪುವುದಿಲ್ಲ. ಬೀಜಕ್ಕೆಂದು ಬಿಟ್ಟದ್ದು ಮೇಲಿನ ನಾಲ್ಕು ಹೂ ಮಾತ್ರ.

ಕಳೆದ ವಾರ ಮಾತಾಡಿದಾಗ ನಾಲ್ಕರಲ್ಲಿ ಒಂದು ಮಳೆಗೆ ಸಿಕ್ಕಿತ್ತು. ಅಚ್ಚು ಹವಳದ ಗಿಡದ್ದೇ. ಎಸಳಿನ ತುದಿ ಸ್ವಲ್ಪ ಕಂದಾಗಿತ್ತು.

“ಏನು ಮಾಡಿದಿರಿ?” ಎಂದೆ.

“ಕಿತ್ತು ಚೀಲಕ್ಕೆ ಹಾಕಿದೆ. ಇನ್ನೂ ಮೂರಿದೆಯಲ್ಲ” ಎಂದರು. ಆಮೇಲೆ ತುಸು ಸುಮ್ಮನಿದ್ದು, “ಬರೆದೂ ಇಟ್ಟಿದ್ದೇನೆ, ಓದಿಯೂ ನೋಡಿದೆ” ಎಂದರು.